ನಿಧಾನಕ್ಕೆ ಮಾತಾಡಿ ಬಾ, ಮಲ್ಲಿ ಕಾಯ್ತಿರ್ತಾನೆ

"ಸತ್ತ ನನ್ನಣ್ಣನ ಹೆಸರಲ್ಲಿ ಆಟ ಮಾಡೋಕೆ ನಿನಗೆ ಯಾರು ಹೇಳಿದ್ರು?!"

ಶಿವಮೊಗ್ಗದ ಸವಳಂಗ ರಸ್ತೆಯ ಆ ಪುಟ್ಟ ಮೊಬೈಲ್ ಅಂಗಡಿಯಲ್ಲಿ ಸಿಮ್ ಕೊಳ್ಳಲು ನಿಂತವರು ಬೆಚ್ಚಿ ತಿರುಗಿದರು. ಕೌಂಟರಿನ ಹಿಂದಿದ್ದ ರೂಪೇಶ್ ತಲೆ ಎತ್ತಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

ಶಾಂಭವಿ! ಎರಡು ವರ್ಷದ ಮೇಲೆ...

ಅವಳ ಕೋಪದಲ್ಲಿ ನ್ಯಾಯವಿತ್ತು ಬಿಡಿ. ಭದ್ರಾವತಿಯ ಕಾಗದನಗರದಲ್ಲಿ ಒಂದೇ ಸಾಲಿನ ಕ್ವಾರ್ಟರ್ಸ್‌ನಲ್ಲಿ ಬೆಳೆದವರು ಇವರು. ಅವಳಣ್ಣ ಮಲ್ಲೇಶ್, ಎಲ್ಲರ ಬಾಯಲ್ಲಿ ಮಲ್ಲಿ, ರೂಪೇಶನ ಜೀವದ ಗೆಳೆಯ. ರೂಪೇಶ್ ಮನೆಗೆ ಬಂದರೆ ಸಾಕು, ಶಾಂಭವಿ ಎರಡು ಸಲ ಕನ್ನಡಿ ನೋಡಿಕೊಂಡು ಕಾಫಿ ತರುತ್ತಿದ್ದಳು.

೨೦೦೫ರಲ್ಲಿ ಮಲ್ಲಿ ಟೆಂಪೋ ಅಪಘಾತದಲ್ಲಿ ಹೋದ. ರೂಪೇಶ್ ಮಣ್ಣಿಗೆ ಬಂದು ಗುಂಪಿನ ಹಿಂದೆ ನಿಂತು ಹೊರಟುಹೋದ. ಶಿವಗಣಾರಾಧನೆಗೂ ಬರಲಿಲ್ಲ. ಆಮೇಲೆ ಒಂದು ಫೋನೂ ಇಲ್ಲ! ಪ್ರೀತಿಸಿದವನು ಹಾಗೆ ಮಾಯವಾದರೆ ಯಾವ ಹೆಣ್ಣಿಗೆ ತಾನೇ ಹೊಟ್ಟೆ ಉರಿಯದು?

ಇವತ್ತು ಬೆಳಿಗ್ಗೆ ಗೆಳತಿ ವಾಣಿ ಅವಳ ಫೋನಿಗೆ ಬ್ಲೂಟೂತ್‌ನಲ್ಲಿ ಒಂದು ಆಟ ಕಳಿಸಿದ್ದಳು. ತೆಪ್ಪದಲ್ಲಿ ಹೊಳೆ ದಾಟುವ ಹುಡುಗನ ಆಟ. ನಡುವೆ ಅಮ್ಮನ ಕಾಲ್ ಬಂತು. ಆಟ ತಾನಾಗಿಯೇ ನಿಂತಿತು. ಮಾತು ಮುಗಿಸಿ ನೋಡಿದರೆ ಹುಡುಗ ಅದೇ ಜಾಗದಲ್ಲಿದ್ದ. ಅವನ ತಲೆಯ ಮೇಲೆ ಒಂದು ಸಾಲು:

'ನಿಧಾನಕ್ಕೆ ಮಾತಾಡಿ ಬಾ. ಮಲ್ಲಿ ಕಾಯ್ತಿರ್ತಾನೆ.'

'ಅಣ್ಣಾ... ನೀನೇನಾ?'

ಕೆಳಗೆ ರೂಪೇಶನ ಅಂಗಡಿಯ ಹೆಸರು ಕಂಡಾಗ ಭಯವೆಲ್ಲ ಸಿಟ್ಟಾಯಿತು. ಸಿಕ್ಕಿದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದಿದ್ದಳು.

ಗಿರಾಕಿಗಳು ಮೆಲ್ಲನೆ ಜಾಗ ಖಾಲಿ ಮಾಡಿದರು.

"ಕೂತ್ಕೋ ಶಾಂಭವಿ. ಬಯ್ಯೋದಿದ್ರೆ ಕೂತು ಬಯ್ಯಿ."

"ಕೂರೋಕೆ ಬಂದಿಲ್ಲ! ಆ ಹೆಸರು ತೆಗಿ!"

"ತೆಗೀತೀನಿ. ಅದಕ್ಕೆ ಮುಂಚೆ ಒಂದು ಮಾತು... ಅವತ್ತು ದಾರೀಲಿ ಬೈಕ್ ಕೆಟ್ಟಾಗ ಮಲ್ಲಿ ನಂಗೆ ಕಾಲ್ ಮಾಡಿದ್ದ. ಎರಡು ಸಲ. ಎರಡು ಸಲನೂ ಕಟ್ ಮಾಡಿದೆ."

"ಯಾಕೆ?"

"ಗೇಮ್ ಆಡ್ತಿದ್ದೆ. ಒಂಬತ್ತನೇ ಲೆವೆಲ್ಲು. ನನ್ನ ಫೋನಿನ ಗೇಮಲ್ಲಿ ಕಾಲ್ ಎತ್ತಿದ್ರೆ ಮುಗೀತು, ಮತ್ತೆ ಮೊದಲಿಂದ ಆಡ್ಬೇಕು. ಮುಗಿಸಿ ಮಾಡೋಣ ಅಂದ್ಕೊಂಡೆ... ಅರ್ಧ ಗಂಟೆ ಬಿಟ್ಟು ಮಾಡಿದಾಗ ಅವನು ಎತ್ತಲಿಲ್ಲ."

ಶಾಂಭವಿ ಕೌಂಟರಿನ ಅಂಚು ಹಿಡಿದುಕೊಂಡಳು.

"ನಾನು ಎತ್ತಿದ್ರೆ ಹೋಗಿ ಕರ್ಕೊಂಡು ಬರ್ತಿದ್ದೆ. ಅವನು ಆ ಟೆಂಪೋ ಹತ್ತುತ್ತಲೇ ಇರ್ಲಿಲ್ಲ! ಈಗಲೂ ಫೋನ್ ರಿಂಗ್ ಆದ್ರೆ ಅವನೇ ಅನ್ಸುತ್ತೆ. ಅದಕ್ಕೇ ಪ್ರೋಗ್ರಾಮಿಂಗ್ ಕಲಿತು ಇದನ್ನ ಮಾಡ್ದೆ. ಕಾಲ್ ಬಂದ್ರೆ ಆಟ ನಿಲ್ಲುತ್ತೆ. ಬಿಟ್ಟ ಜಾಗದಿಂದಲೇ ಮತ್ತೆ ಶುರು. ಆಟಕ್ಕೋಸ್ಕರ ಯಾರೂ ಫೋನ್ ಕಟ್ ಮಾಡ್ಬಾರ್ದು... ನೀನೇ ಹೇಳು, ನಿಮ್ಮನೆಗೆ ಯಾವ ಮುಖ ಇಟ್ಕೊಂಡು ಬರ್ಲಿ?"

ಕೆನ್ನೆಗೆ ಬಾರಿಸುತ್ತಾಳೆ ಅಂದುಕೊಂಡಿರಾ? ರೂಪೇಶನೂ ಹಾಗೇ ಅಂದುಕೊಂಡಿದ್ದ. ಶಾಂಭವಿ ಕುಸಿದು ಸ್ಟೂಲಿನ ಮೇಲೆ ಕೂತಳು.

"ರೂಪೇಶ್... ನಿನಗೆ ಮಾಡಿದ ಮೇಲೆ ಅವನು ಮನೆಗೆ ಮಾಡಿದ್ದ. ನಾನೇ ಎತ್ತಿದೆ."

"ಏನಂದ?"

"'ರೂಪೇಶ್ ಏನೋ ಕೆಲಸದಲ್ಲಿದ್ದಾನೆ, ಆಮೇಲೆ ಬಂದೇ ಬರ್ತಾನೆ, ಇಲ್ಲೇ ಕಾಯ್ತೀನಿ' ಅಂದ. ನಾನೇ... 'ಯಾಕಣ್ಣ ಕಾಯ್ತೀಯ, ಅಮ್ಮ ಉಣ್ಣದೆ ಕೂತಿದಾರೆ, ಸಿಕ್ಕಿದ ಗಾಡಿ ಹತ್ತಿ ಬಾ' ಅಂದುಬಿಟ್ಟೆ!" ಅವಳು ಬಿಕ್ಕಿದಳು. "ಅಮ್ಮನಿಗೂ ಹೇಳಿಲ್ಲ. ನಾನು ಆಡಿದ ಮಾತೇ ದಿನಾ ಕಿವೀಲಿ ಕೇಳುತ್ತೆ ಕಣೋ..."

ಅವನು ಕೌಂಟರು ದಾಟಿ ಬಂದು ಅವಳೆದುರು ಮೊಣಕಾಲೂರಿದ. ಅವನ ಕಣ್ಣಲ್ಲೂ ನೀರು.

"ನೀನು ಅವನನ್ನ ಊಟಕ್ಕೆ ಕರೆದೆ ಶಾಂಭವಿ. ಅಷ್ಟೇ. ಅದ್ರಲ್ಲಿ ಏನು ತಪ್ಪಿದೆ?"

"ನೀನೂ ಒಂದು ಆಟ ಆಡ್ತಿದ್ದೆ, ಅಷ್ಟೇ. ಹೀಗಾಗುತ್ತೆ ಅಂತ ನಿನಗೆ ಗೊತ್ತಿತ್ತಾ?"

ಎರಡು ವರ್ಷದಲ್ಲಿ ಇಬ್ಬರಿಗೂ ಈ ಮಾತನ್ನು ಹೇಳಿದವರಿರಲಿಲ್ಲ. ಇಬ್ಬರೂ ತುಂಬಾ ಹೊತ್ತು ಅತ್ತರು.

"ನನ್ನ ಮೇಲೆ ಪ್ರೀತಿ ಇತ್ತಾ ನಿಂಗೆ?"

"ಇತ್ತಾ ಅಂತ ಕೇಳ್ತೀಯಲ್ಲ ಮಾರಾಯ್ತಿ... ಇದೆ!"

ಅವಳು ಅವನ ಕೈ ಹಿಡಿದುಕೊಂಡಳು. "ಹಾಗಾದ್ರೆ ನಾಳೆ ಮನೆಗೆ ಬಾ. ಇಬ್ಬರೂ ಅಮ್ಮನ ಮುಂದೆ ಕೂತು ಎಲ್ಲಾ ಹೇಳೋಣ."

"ಅಮ್ಮ ಹೊರಗೆ ಹಾಕಿ ಬಾಗಿಲು ಮುಚ್ಚಿದ್ರೆ?"

"ನಾನೂ ನಿನ್ನ ಜೊತೆ ಹೊರಗೇ ಇರ್ತೀನಿ."