ಮೂರನೆಯ ಮಾನಿಟರ್

"ಯಾರ್ರೀ ನೀವು? ಆ ವೈರ್ ಮುಟ್ಟಬೇಡಿ!"

ಮೇಜಿನ ಕೆಳಗೆ ಢಣ್ ಎಂದು ಸದ್ದಾಯಿತು. ತಲೆ ಉಜ್ಜಿಕೊಳ್ಳುತ್ತಾ ಹೊರಬಂದವನ ಮೂಗಿನ ಮೇಲೆ ಧೂಳು. ಕೈಯಲ್ಲಿ... ಅಪ್ಪನ ಮಾನಿಟರ್‌ನ ಕೇಬಲ್!

"ಕಂಪ್ಯೂಟರ್ ರಿಪೇರಿಗೆ ಬಂದೆ ಮೇಡಂ. ನೀವೇ ಅಂಗಡಿಗೆ ಫೋನ್ ಮಾಡಿದ್ರಂತಲ್ಲ... ಈಗ ಕೇಳಿ, ಫ್ಯಾನ್ ಸದ್ದು ನಿಂತಿದೆ."

ನಿಜ. ಒಂದು ತಿಂಗಳಿಂದ ತಲೆ ಚಿಟ್ಟು ಹಿಡಿಸಿದ್ದ ಸದ್ದು ಇರಲಿಲ್ಲ. ಆದರೆ ಬಾಗಿಲಾಚೆ ಹಾಲ್‌ನಲ್ಲಿ ಅಪ್ಪನ ಮುಂದಿದ್ದ ಪರದೆ ಕಪ್ಪಾಗಿತ್ತು. ಅಪ್ಪ ಕೈಕಟ್ಟಿ ಕೂತಿದ್ದರು. ಅವಳು ಸಿಟ್ಟಿನಿಂದ ಅವನತ್ತ ತಿರುಗಿದಳು.

"ಅಪ್ಪನ ಮಾನಿಟರ್ ಕಿತ್ತು ಸದ್ದು ನಿಲ್ಲಿಸೋದು ನನಗೂ ಬರುತ್ತೆ! ಅದಕ್ಕೆ ನೀವು ಬೇಕಾ? ಮೊದಲು ಹೊರಡಿ ಇಲ್ಲಿಂದ."

ಅವನು ಏನೋ ಹೇಳಲು ಬಾಯಿ ತೆರೆದ. ಅಪ್ಪನ ಕಡೆ ಒಮ್ಮೆ ನೋಡಿದ. ಮತ್ತೆ ಬಾಯಿ ಮುಚ್ಚಿಕೊಂಡು ಚೀಲ ಹೆಗಲಿಗೇರಿಸಿ ಹೊರಟೇ ಹೋದ.

'ಎಂಥಾ ಕಲ್ಲು ಮನಸ್ಸು! ಕೂತಿರೋ ಮನುಷ್ಯ ಕಣ್ಣಿಗೆ ಬೀಳಲಿಲ್ವಾ ಇವನಿಗೆ?'

ಅವಳ ಸಿಟ್ಟಿಗೂ ಕಾರಣವಿತ್ತು. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿ ರೆಕಾರ್ಡ್ ಮಾಡುವುದು ಅವಳ ಕೆಲಸ. ಅಪ್ಪ ಮೂವತ್ತು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದವರು. ಎರಡು ವರ್ಷದ ಹಿಂದೆ ಗಂಟಲ ಆಪರೇಷನ್ ಅವರ ದನಿಯನ್ನು ಕಿತ್ತುಕೊಂಡಿತು. ಕಣ್ಣು ಮಾತ್ರ ಇನ್ನೂ ಹದ್ದಿನ ಕಣ್ಣು.

ಅವಳು ಒಳಕೋಣೆಯಲ್ಲಿ ಓದಿದರೆ, ಅಪ್ಪ ಹಾಲ್‌ನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದೇ ಸಾಲುಗಳನ್ನು ದಪ್ಪಕ್ಷರದಲ್ಲಿ ತಮ್ಮ ಹಳೆಯ ಮಾನಿಟರ್ ಮೇಲೆ ಹಿಂಬಾಲಿಸುತ್ತಿದ್ದರು. ಅವಳ ನಾಲಿಗೆ ತಪ್ಪಿದರೆ ಒಂದು ಸ್ವಿಚ್ ಒತ್ತುತ್ತಿದ್ದರು. ಅವಳ ಮೇಜಿನ ಮೇಲೆ ಕೆಂಪು ಬಲ್ಬು ಹತ್ತುತ್ತಿತ್ತು. ಅವಳು ನಿಲ್ಲಿಸಿ ಮತ್ತೆ ಓದುತ್ತಿದ್ದಳು.

ಹೋದ ತಿಂಗಳು, ಈ ಕೆಲಸ ಕೊಟ್ಟ ಸಂಸ್ಥೆಯವರು ಅವಳಿಗೆ ಎರಡು ಹೊಸ ಮಾನಿಟರ್ ಕಳಿಸಿದರು. ಅವತ್ತಿನಿಂದ, ಪರದೆಗಳಿಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಹುಯ್ಯೆನ್ನತೊಡಗಿತು. ಕಂಪ್ಯೂಟರ್ ಸುಮ್ಮನಿದ್ದರೂ ಅದಕ್ಕೆ ಬಿಸಿ, ಸದ್ದು! ಪ್ರತಿ ಪಾಠದೊಳಗೂ ಅದೇ ಸದ್ದು ಸೇರಿಕೊಳ್ಳುತ್ತಿತ್ತು.

"ಶುಕ್ರವಾರದೊಳಗೆ ವಿಜ್ಞಾನದ ಹತ್ತು ಪಾಠ ಶುದ್ಧವಾಗಿ ಬರ್ಬೇಕಮ್ಮ," ಎಂದಿದ್ದರು ಸಂಸ್ಥೆಯ ಮೇಡಂ. "ಪರೀಕ್ಷೆ ಹತ್ರ ಬಂತು. ಆಗಲ್ಲ ಅಂದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ."

ರಿಪೇರಿಯವನು ಹೋದ ಮೇಲೆ ಅಪ್ಪ 'ಹೀಗೇ ಇರಲಿ, ಓದು' ಎಂದು ಕೈಸನ್ನೆ ಮಾಡಿದರು. ಅವಳು ಒಲ್ಲದ ಮನಸ್ಸಿನಿಂದ ಓದಿ ಒಂದು ಪಾಠ ಕಳಿಸಿದಳು. ಸಂಜೆ ಮೇಡಂ ಫೋನ್ ಬಂತು.

"ಸದ್ದಿಲ್ಲ, ಸಂತೋಷ. ಆದ್ರೆ ಎರಡು ಕಡೆ ಆಮ್ಲವನ್ನ ಪ್ರತ್ಯಾಮ್ಲ ಮಾಡಿದ್ದೀಯಲ್ಲಮ್ಮ! ಆ ಮಕ್ಕಳು ನಿನ್ನ ಬಾಯನ್ನೇ ನಂಬ್ಕೊಂಡಿರ್ತಾರೆ."

ಅಪ್ಪನ ಮಾನಿಟರ್ ಇದ್ದರೆ ಸದ್ದು. ಇಲ್ಲದಿದ್ದರೆ ತಪ್ಪು. ದಿನವೂ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಒಂಬತ್ತಕ್ಕೆ ಸರಿಯಾಗಿ ಹಾಲ್‌ಗೆ 'ಡ್ಯೂಟಿ'ಗೆ ಬರುತ್ತಿದ್ದ ಅಪ್ಪ ಈಗ ಕಪ್ಪು ಪರದೆ ನೋಡುತ್ತಾ ಕೂತಿದ್ದರು. ಅವಳಿಗೆ ಅಳು ಉಕ್ಕಿ ಬಂತು. ಕೆಲಸ ಹೋದರೆ ಹೋಗಲಿ... ಅಪ್ಪನಿಗೆ ಉಳಿದಿದ್ದ ಒಂದೇ ಒಂದು ಕೆಲಸವೂ ಹೋಗುತ್ತದಲ್ಲ!

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅವನೇ! ಕೈಯಲ್ಲಿ ಉದ್ದನೆಯ ಹೊಸ ಕೇಬಲ್.

"ಬೈಯೋದಿದ್ರೆ ಆಮೇಲೆ ಬೈರಿ ಮೇಡಂ. ಹತ್ತು ನಿಮಿಷ ಕೊಡಿ."

ಅವಳು ಮುಖ ಗಂಟಿಕ್ಕಿಕೊಂಡೇ ದಾರಿ ಬಿಟ್ಟಳು. ಅವನು ಮತ್ತೆ ಮೇಜಿನ ಕೆಳಗೆ ನುಸುಳಿದ. ಈ ಸಲ ತಲೆ ಹುಷಾರು!

"ಕೆಲಸ ಇಲ್ಲದಾಗ ಕಾರ್ಡ್ ತನ್ನ ಮೆಮೊರಿ ವೇಗ ಇಳಿಸ್ಕೊಂಡು ವಿಶ್ರಾಂತಿ ತಗೊಳ್ಳುತ್ತೆ," ಎಂದ ಅಲ್ಲಿಂದಲೇ. "ವೇಗ ಬದಲಾಯಿಸೋಕೆ ಎರಡು ಚಿತ್ರಗಳ ನಡುವೆ ಅದಕ್ಕೊಂದು ಕ್ಷಣ ಬಿಡುವು ಬೇಕು. ನಿಮ್ಮ ಹೊಸ ಪರದೆಗಳು ಸೆಕೆಂಡಿಗೆ ನೂರನಲವತ್ನಾಲ್ಕು ಸಲ ಚಿತ್ರ ಬದಲಾಯಿಸ್ತವೆ. ಅಂಕಲ್‌ದು ಅರವತ್ತೇ ಸಲ. ತಾಳ ಬೇರೆಬೇರೆ ಆದ್ರೆ ಮೂರಕ್ಕೂ ಒಟ್ಟಿಗೆ ಬಿಡುವು ಸಿಗೋದೇ ಇಲ್ಲ. ಪಾಪ, ಕಾರ್ಡ್ ದಿನವಿಡೀ ಪೂರ್ತಿ ವೇಗದಲ್ಲೇ ಓಡುತ್ತೆ."

"ಮತ್ತೆ... ಅಪ್ಪನ ಮಾನಿಟರ್?"

"ನಿಮ್ಮ ಕಂಪ್ಯೂಟರಿನ ಬೋರ್ಡಲ್ಲೇ ಇನ್ನೊಂದು ಸಣ್ಣ ಗ್ರಾಫಿಕ್ಸ್ ಇದೆ. ಯಾರೋ ಆಫ್ ಮಾಡಿಟ್ಟಿದ್ರು. ಅದನ್ನ ಆನ್ ಮಾಡಿ ಅಂಕಲ್ ಕೇಬಲ್ ಅಲ್ಲಿಗೆ ಹಾಕಿದ್ದೀನಿ. ಓದೋಕೆ ಅಷ್ಟು ಧಾರಾಳ ಸಾಕು. ಕಾರ್ಡಿಗೆ ನಿಮ್ಮ ಎರಡೇ ಪರದೆ ಜವಾಬ್ದಾರಿ."

ಹಾಲ್‌ನಲ್ಲಿ ಪರದೆ ಬೆಳಗಿತು. ದಪ್ಪಕ್ಷರಗಳು ಮೂಡಿದವು. ಅವಳು ಉಸಿರು ಬಿಗಿಹಿಡಿದು ಕಾದಳು. ಒಂದು ನಿಮಿಷ... ಎರಡು... ಫ್ಯಾನ್ ಸದ್ದೇ ಇಲ್ಲ!

"ಇಷ್ಟು ಗೊತ್ತಿದ್ದೂ ನಿನ್ನೆ ಯಾಕ್ರೀ ಕಿತ್ತು ಹೋದ್ರಿ?"

ಅವನು ತಲೆ ತಗ್ಗಿಸಿದ. ಆಗ ಅಪ್ಪ ಎದ್ದು ಬಂದು, ಒಂದು ಚೀಟಿ ಬರೆದು ಅವಳ ಕೈಗಿಟ್ಟರು.

'ಸದ್ದು ನನ್ನ ಮಾನಿಟರ್‌ನಿಂದ ಎಂದು ಅವನು ಹೇಳಿದಾಗ, ಕೇಬಲ್ ಕೀಳು ಎಂದು ಬರೆದುಕೊಟ್ಟವನು ನಾನು. ನಿನ್ನ ಕೆಲಸ ಉಳಿಯಲಿ ಎಂದು. ಮಗಳಿಗೆ ಹೇಳಬೇಡ ಎಂದು ಮಾತು ತೆಗೆದುಕೊಂಡವನೂ ನಾನೇ. ಪಾಪ, ನನಗೆ ಬರಬೇಕಿದ್ದ ಬೈಗುಳ ಅವನು ತಿಂದ.'

ಅಕ್ಷರಗಳು ಕಣ್ಣಮುಂದೆ ಕಲಸಿಹೋದವು. ಅವಳು ಅಪ್ಪನನ್ನು ತಬ್ಬಿಕೊಂಡು ಮನಸಾರೆ ಅತ್ತಳು.

"ಕ್ಷಮಿಸಿ..." ಎಂದಳು ಅವನತ್ತ ತಿರುಗಿ. "ನೀವು ಒಂದು ಮಾತು ಹೇಳಬಹುದಿತ್ತು."

"ಕೊಟ್ಟ ಮಾತು ಮೇಡಂ. ಆದ್ರೆ ಅಂಕಲ್ ಮುಖ ನೋಡಿದ್ಮೇಲೆ ನಿದ್ದೆ ಬರಲಿಲ್ಲ. ಬೇರೆ ದಾರಿ ಹುಡುಕಲೇಬೇಕು ಅನ್ನಿಸ್ತು."

ಹತ್ತೂ ಪಾಠಗಳು ಶುಕ್ರವಾರ ಮಧ್ಯಾಹ್ನವೇ ಹೋದವು. ಮೇಡಂ ಒಂದೂ ವಾಪಸು ಕಳಿಸಲಿಲ್ಲ.

ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಅವನು 'ಕಾರ್ಡ್ ಎಷ್ಟು ಬಿಸಿಯಾಗಿದೆ ನೋಡೋಣ' ಅಂತ ಬರತೊಡಗಿದ. ಕಾರ್ಡ್ ತಣ್ಣಗೇ ಇರುತ್ತಿತ್ತು. ಅವನಿಗದು ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಪ್ಪನಿಗಂತೂ ಮೊದಲ ಭಾನುವಾರವೇ ಗೊತ್ತಾಗಿತ್ತು!

ಐದನೇ ತಿಂಗಳ ಒಂದು ಭಾನುವಾರ ಅವನು ಕಂಪ್ಯೂಟರ್ ಕಡೆ ತಿರುಗಿಯೂ ನೋಡಲಿಲ್ಲ.

"ಒಂದು ವಿಷಯ ಕೇಳ್ಬೇಕಿತ್ತು... ನನ್ನನ್ನ ಮದುವೆ ಆಗ್ತೀರಾ?"

ಅವಳ ಕೆನ್ನೆ ಬಿಸಿಯಾಯಿತು. ಆದರೂ ಮನಸ್ಸಿನಲ್ಲಿದ್ದುದನ್ನು ಮೊದಲೇ ಹೇಳಿಬಿಟ್ಟಳು.

"ಅಪ್ಪನನ್ನ ಬಿಟ್ಟು ಬಾ ಅಂದವರಿಗೆಲ್ಲ ಇಲ್ಲ ಅಂದಿದ್ದೀನಿ. ನಿಮಗೂ ಅದೇ ಉತ್ತರ."

"ಅವರನ್ನ ನಿಮ್ಮ ಜೊತೆ ಉಳಿಸೋಕೆ ತಾನೇ ನಾನು ಮರುದಿನ ಓಡಿ ಬಂದದ್ದು? ನಾನೇ ಇಲ್ಲಿಗೆ ಬರ್ತೀನಿ. ಜಾಗ ಇದ್ರೆ."

ಅವನ ದನಿ ಸಣ್ಣದಾಯಿತು.

"ಆದ್ರೆ ಬರೀ ಉಪಕಾರಕ್ಕೆ ಅಂತ ಹೂಂ ಅನ್ಬೇಡಿ."

"ಉಪಕಾರ ಸ್ಮರಣೆ ಇದೆ ಕಣ್ರೀ. ಸಾಯೋವರೆಗೂ ಇರುತ್ತೆ," ಎಂದಳು ಅವಳು, ತುಂಬಿದ ಕಣ್ಣಲ್ಲೇ ನಗುತ್ತಾ. "ಆದ್ರೆ ಬರೀ ಉಪಕಾರ ಸ್ಮರಣೆಗೆ ಭಾನುವಾರ ಬೆಳಿಗ್ಗೆ ಆರಕ್ಕೇ ಎಚ್ಚರ ಆಗುತ್ತಾ?"

"ನನಗೆ ಐದಕ್ಕೇ ಆಗುತ್ತೆ..." ಎಂದ ಅವನು.