ಕೊಕ್ಕರೆಗೊಂದು ಬಾಗಿಲು

"ಮತ್ತೆ ಅದೇ ಬರ್ತಿದೆ ಕಣೆ. ಕನೆಕ್ಟ್ ಆಗ್ತಿಲ್ಲ ಅಂತ," ಎಂದಳು ಕೊಕ್ಕರೆ.

ಫೋನಿನ ಸ್ಪೀಕರಿನಲ್ಲಿ ಅವಳ ದನಿ ಸಪ್ಪಗೆ ಕೇಳುತ್ತಿತ್ತು. ಚೂಟಿ ಲ್ಯಾಪ್‌ಟಾಪಿನ ಮುಂದೆ ಮಂಡಿಯೂರಿ ಕೂತಿದ್ದಳು. ಪರದೆಯ ಮೇಲೆ ಅವಳ ಆಟದ ಲೋಕ ಸಿದ್ಧವಾಗಿತ್ತು: ಹಸಿರು ಬಯಲು, ಚೌಕ ಚೌಕ ಎಲೆಗಳ ಮರಗಳು, ಒಂದು ಹೊಳೆ. ಬಯಲಿನ ನಡುವೆ ಚೂಟಿಯ ಗೊಂಬೆ ಒಂದೇ ಒಂದು ನಿಂತಿತ್ತು. ಜೊತೆಗೆ ಯಾರೂ ಇಲ್ಲ.

ಕೊಕ್ಕರೆ ಚೂಟಿಯ ಕ್ಲಾಸಿನ ಗೆಳತಿ. ಕಾಲು ಉದ್ದವಾದ್ದರಿಂದ ಆ ಹೆಸರು. ಕಾಂಪೌಂಡ್ ಗೋಡೆ ಹತ್ತಲು ಹೋಗಿ ಬಿದ್ದು ಆ ಉದ್ದ ಕಾಲುಗಳಲ್ಲಿ ಒಂದನ್ನು ಮುರಿದುಕೊಂಡಿದ್ದಳು. ಈಗ ತೊಡೆಯವರೆಗೆ ಪ್ಲಾಸ್ಟರ್. ಮಂಚ ಬಿಟ್ಟು ಇಳಿಯುವಂತಿಲ್ಲ. ಅವಳ ಅಣ್ಣನೋ, ಈಗ ನೀನು ಅಸಲಿ ಒಂಟಿಕಾಲಿನ ಕೊಕ್ಕರೆ ಎಂದು ದಿನವೂ ರೇಗಿಸುತ್ತಿದ್ದ. ಆದರೂ ಫುಟ್‌ಬಾಲ್ ಆಡಿ ಬರುವವರೆಗೆ ತನ್ನ ಕಂಪ್ಯೂಟರ್ ಕೊಡಲು ಒಪ್ಪಿದ್ದ. ಅವನು ಬಂದರೆ ಆಟ ಮುಗಿದಂತೆ.

ತನ್ನ ಆಟದ ಲೋಕದೊಳಕ್ಕೆ ಕೊಕ್ಕರೆಯನ್ನು ಅವಳ ಮಂಚದಿಂದಲೇ ಕರೆಸಿಕೊಳ್ಳುತ್ತೇನೆ ಎಂದು ಚೂಟಿ ಮಾತು ಕೊಟ್ಟಿದ್ದಳು. ಹಿಂದೊಮ್ಮೆ ಕೊಟ್ಟ ಇದೇ ಮಾತು ಆಗಲೇ ತಪ್ಪಿಹೋಗಿತ್ತು.

"ನಿಂಗೆ ಇಷ್ಟ ಇಲ್ಲ ಅಂದ್ರೆ ಹೇಳ್ಬಿಡು. ನಾನೇನೂ ಅಂದ್ಕೊಳಲ್ಲ," ಎಂದಳು ಕೊಕ್ಕರೆ.

ಅಂದುಕೊಳ್ಳುತ್ತಾಳೆ ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಐದು ನಿಮಿಷ ತಾಳು, ಮತ್ತೆ ಫೋನ್ ಮಾಡುತ್ತೇನೆ ಎಂದು ಚೂಟಿ ಫೋನ್ ಇಟ್ಟಳು.

ಹೋದ ಸಲ ಆದದ್ದು ಹೀಗೆ. ಹೊರಗಿನವರು ಆಟಕ್ಕೆ ಬರಲಾಗದಂತೆ ತಡೆಯುವುದು ರೌಟರಿನೊಳಗಿನ ಫೈರ್‌ವಾಲ್ ಎಂದು ಚೂಟಿ ಎಲ್ಲೋ ಓದಿದ್ದಳು. ಸರಿ, ತಡೆಯುವುದನ್ನೇ ತೆಗೆದರಾಯಿತಲ್ಲ ಎಂದು ಅದನ್ನು ಪೂರ್ತಿ ಆಫ್ ಮಾಡಿಬಿಟ್ಟಿದ್ದಳು. ಆಟ ಶುರುವಾಗುವ ಮೊದಲೇ ಅಮ್ಮ ಅದನ್ನು ಕಂಡು, ತಲೆ ಮೇಲೆ ಕೈ ಇಟ್ಟುಕೊಂಡು, ಮತ್ತೆ ಆನ್ ಮಾಡಿದ್ದಳು.

"ಕೊಕ್ಕರೆ ಬರ್ಲಿ ಅಂತ ನೀನು ಬಾಗಿಲು ತೆಗೀಲಿಲ್ಲ ಮಗಳೇ, ಗೋಡೇನೇ ಕೆಡವಿದೀಯ," ಎಂದಿದ್ದಳು.

ಬೈದು ಸುಮ್ಮನಾಗುವ ಅಮ್ಮ ಅಲ್ಲ ಅವಳು. ಇವತ್ತು ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ, ಚೂಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರೌಟರಿನ ಪುಟ ತೆರೆದಳು. ಗೋಡೆ ಗೋಡೆಯಾಗಿಯೇ ಇರಲಿ. ಅದರಲ್ಲಿ ಒಂದೇ ಒಂದು ಬಾಗಿಲು ತೆಗೆಯೋಣ ಎಂದಳು. ಬಾಗಿಲಿಗೊಂದು ನಂಬರ್, ಅದಕ್ಕೆ ಪೋರ್ಟ್ ಎನ್ನುತ್ತಾರೆ. ಮನೆಯೊಳಗಿನ ಫೋನು, ಟ್ಯಾಬು, ಪ್ರಿಂಟರು, ಲ್ಯಾಪ್‌ಟಾಪುಗಳಿಗೂ ರೌಟರ್ ಒಂದೊಂದು ನಂಬರ್ ಕೊಟ್ಟಿರುತ್ತದೆ. ಈ ಬಾಗಿಲಿಗೆ ಬಂದವರನ್ನು ನೇರ ಚೂಟಿಯ ಲ್ಯಾಪ್‌ಟಾಪಿನ ನಂಬರಿಗೆ ಕಳಿಸು, ಬೇರೆಲ್ಲಿಗೂ ಬಿಡಬೇಡ ಎಂದು ರೌಟರಿಗೆ ಬರೆದು ಹೇಳಬೇಕು. ಲ್ಯಾಪ್‌ಟಾಪಿನ ನಂಬರಿನ ಕೊನೆಯಲ್ಲಿ ಹನ್ನೆರಡು ಎಂದಿತ್ತು. ಅಮ್ಮ ಹನ್ನೆರಡು ಎಂದು ಬರೆಸಿದಳು. ಕೊಕ್ಕರೆಗೆ ಫೋನ್ ಮಾಡಿ ಒಮ್ಮೆ ಪರೀಕ್ಷೆಯನ್ನೂ ಮಾಡಿದರು. ಅವಳ ಹೆಸರು ಪರದೆಯ ಮೂಲೆಯಲ್ಲಿ ಮಿಂಚಿ ಮಾಯವಾಯಿತು, ಅಷ್ಟರಲ್ಲಿ ಅವಳಣ್ಣ ಕಂಪ್ಯೂಟರ್ ಕಸಿದುಕೊಂಡಿದ್ದ. ಆದರೂ ಅಮ್ಮ ಮಗಳು ಇಬ್ಬರೂ ಕೇಕೆ ಹಾಕಿದ್ದರು.

ಹೊರಡುವಾಗ ಅಮ್ಮ ರೌಟರಿನ ಪಾಸ್‌ವರ್ಡನ್ನು ಚೂಟಿಯ ಕಿವಿಯಲ್ಲಿ ಹೇಳಿ, ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗಿದ್ದಳು. ಅಲ್ಲಿ ಸಂಜೆ ಹೊತ್ತು ಗಿರಾಕಿಗಳ ಸಾಲು. ಫೋನ್ ಎತ್ತುವುದಿಲ್ಲ.

ಬೆಳಿಗ್ಗೆ ಇದ್ದ ಬಾಗಿಲು ಸಂಜೆಗೆ ಎಲ್ಲಿ ಹೋಯಿತು?

ಚೂಟಿ ರೌಟರಿನ ಪುಟ ತೆರೆದಳು. ಮೊದಲು ಕಣ್ಣಿಗೆ ಬಿದ್ದದ್ದು ಅದೇ ಹಳೆಯ ಬಟನ್: ಫೈರ್‌ವಾಲ್ ಆನ್. ಒತ್ತಿದರೆ ಸಾಕು, ಆಫ್ ಆಗುತ್ತದೆ. ಕೊಕ್ಕರೆಯಂತೂ ಬರಬಹುದು. ಸ್ವಲ್ಪ ಹೊತ್ತು ಅಷ್ಟೇ. ಅಮ್ಮ ಬರುವುದರೊಳಗೆ ಮತ್ತೆ ಆನ್ ಮಾಡಿದರೆ ಯಾರಿಗೆ ತಿಳಿಯುತ್ತದೆ?

ಅವಳ ಬೆರಳು ಬಟನ್ನಿನ ಹತ್ತಿರ ಹೋಯಿತು.

ಪಕ್ಕದ ಕೋಣೆಯಲ್ಲಿ ಅಜ್ಜಿ ಟ್ಯಾಬಿನಲ್ಲಿ ಸ್ವೆಟರ್ ಹೆಣೆಯುವ ವಿಡಿಯೊ ನೋಡುತ್ತಾ ತಾನೂ ಕಡ್ಡಿ ಹಿಡಿದು ಹೆಣೆಯುತ್ತಿದ್ದಳು. ವಿಡಿಯೊದ ಹೆಂಗಸಿಗೆ ತಾನೇ ಪಾಠ ಹೇಳುತ್ತಿದ್ದಳು. "ಅಯ್ಯೋ, ಹಾಗಲ್ಲಮ್ಮ, ಹೆಣಿಗೇಲಿ ಒಂದು ಮನೆ ಬಿಟ್ಟೆ ನೋಡು," ಎಂದು ತಾನೇ ನಗುತ್ತಿದ್ದಳು.

ಗೋಡೆ ಬಿದ್ದರೆ ಆ ಟ್ಯಾಬೂ ಬೀದಿಗೆ ಬಿದ್ದಂತೆ. ಚೂಟಿ ಬೆರಳನ್ನು ಹಿಂದಕ್ಕೆ ಎಳೆದುಕೊಂಡು, ಎದ್ದು ಹೋಗಿ ಕೇಳಿದಳು.

"ಅಜ್ಜಿ, ಮಧ್ಯಾಹ್ನ ರೌಟರ್ ಏನಾದ್ರೂ ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ? ಆಫ್ ಮಾಡ್ದೆ ಅಷ್ಟೇ," ಎಂದಳು ಅಜ್ಜಿ, ಕಡ್ಡಿಯಿಂದ ಕಣ್ಣೆತ್ತದೆ. "ಪಾಪ, ಬೆಳಗಿಂದ ದುಡಿದು ಮೈ ಸುಡ್ತಿತ್ತು. ನಾನು ಮಲಗೋವಾಗ ಅದೂ ಮಲಗ್ಲಿ ಅಂತ. ದಿನಾ ಮಾಡ್ತೀನಲ್ಲ."

ದಿನಾ. ಇದು ಅಮ್ಮನಿಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಅಮ್ಮ ಕೆಲಸದಲ್ಲಿ. ರಜೆಯ ದಿನ ಅಮ್ಮ ಮನೆಯಲ್ಲಿದ್ದರೆ ಅಜ್ಜಿ ಮಲಗುವುದೇ ಇಲ್ಲ, ಇಬ್ಬರ ಮಾತೇ ಮುಗಿಯುವುದಿಲ್ಲ.

ಚೂಟಿ ಓಡಿ ಬಂದು ಪುಟವನ್ನು ಕೆಳಕ್ಕೆ ಸರಿಸಿದಳು. ಬೆಳಿಗ್ಗೆ ತೆಗೆದ ಬಾಗಿಲು ಅಲ್ಲೇ ಇತ್ತು. ಮನೆಯೊಳಗೆ ಯಾರು ಯಾರಿಗೆ ಯಾವ ನಂಬರ್ ಎಂಬುದೂ ಅದರ ಕೆಳಗೇ ಇತ್ತು. ಅವಳ ಲ್ಯಾಪ್‌ಟಾಪ್: ಹದಿನೈದು. ಹನ್ನೆರಡು ಯಾರು? ಅಜ್ಜಿಯ ಟ್ಯಾಬ್.

ಅಜ್ಜಿಯ ಜೊತೆಗೇ ನಿದ್ದೆಯಿಂದ ಎದ್ದ ರೌಟರ್ ನಂಬರುಗಳನ್ನು ಹೊಸದಾಗಿ ಹಂಚಿತ್ತು. ಅಜ್ಜಿ ಟ್ಯಾಬ್ ಹಿಡಿದು ಮುಂಚೆಯೇ ಕೂತಿದ್ದಳು. ಚೂಟಿ ಲ್ಯಾಪ್‌ಟಾಪ್ ತೆರೆದದ್ದು ಆಮೇಲೆ, ಅಷ್ಟರಲ್ಲಿ ಹನ್ನೆರಡು ಟ್ಯಾಬಿನ ಪಾಲಾಗಿತ್ತು. ಇಷ್ಟು ಹೊತ್ತೂ ಕೊಕ್ಕರೆ ಪಾಪ, ಬಾಗಿಲು ದಾಟಿ ಬಂದು ಅಜ್ಜಿಯ ಸ್ವೆಟರಿನ ಮುಂದೆ ನಿಂತು, ಆಟ ಎಲ್ಲಿ ಎಂದು ಕೇಳುತ್ತಿದ್ದಳು.

ಚೂಟಿಗೆ ನಗು ತಡೆಯಲಾಗಲಿಲ್ಲ.

ಬಾಗಿಲಿನ ಮುಂದೆ ಬರೆದಿದ್ದ ಹನ್ನೆರಡನ್ನು ಅಳಿಸಿ ಹದಿನೈದು ಎಂದು ಬರೆದಳು. ಸೇವ್ ಒತ್ತುವ ಮುಂಚೆ ನಿಂತಳು. ನಾಳೆ? ನಾಳೆಯೂ ಅಜ್ಜಿ ರೌಟರನ್ನು ಮಲಗಿಸುತ್ತಾಳೆ. ನಾಳೆ ಕೊಕ್ಕರೆ ಪ್ರಿಂಟರಿನ ಮುಂದೆ ಹೋಗಿ ನಿಲ್ಲಬಹುದು. ಮಲಗಿಸಬೇಡ ಎಂದರೆ ಅಜ್ಜಿ ಹೂಂ ಅನ್ನುತ್ತಾಳೆ, ಮರೆಯುತ್ತಾಳೆ.

ಅವಳು ಲ್ಯಾಪ್‌ಟಾಪಿನ ಹೆಸರನ್ನು ಒತ್ತಿ ನೋಡಿದಳು. ಪರದೆಯ ಮೇಲೆ ಒಂದು ಚಿಕ್ಕ ಚೌಕ ತೆರೆದುಕೊಂಡಿತು. ಈ ನಂಬರನ್ನು ಇದಕ್ಕೇ ಕಾದಿರಿಸಬೇಕೇ ಎಂದು ಅದು ಕೇಳುತ್ತಿತ್ತು. ಬಸ್ಸಿನ ಸೀಟಿನ ಮೇಲೆ ಕರವಸ್ತ್ರ ಹಾಕಿದಂತೆಯೇ ಇದು ಎನಿಸಿತು ಚೂಟಿಗೆ. ಹೌದು ಎಂದು ಒತ್ತಿದಳು. ಇನ್ನು ಅಜ್ಜಿ ಎಷ್ಟು ಸಲ ಮಲಗಿಸಿದರೂ, ಯಾರು ಮೊದಲು ಎದ್ದರೂ, ಹದಿನೈದು ಲ್ಯಾಪ್‌ಟಾಪಿಗೇ. ಈಗ ಸೇವ್.

ಕೊಕ್ಕರೆಗೆ ಫೋನ್ ಮಾಡಿ, ಈಗ ಬಾ ಎಂದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಯಲಿನ ಮೇಲೆ, ಚೂಟಿಯ ಗೊಂಬೆಯ ಎದುರಿಗೇ, ಕೆಂಪು ಅಂಗಿಯ ಇನ್ನೊಂದು ಗೊಂಬೆ ಟಪ್ಪನೆ ಬಂದು ನಿಂತಿತು.

"ಬಂದೆ," ಎಂದಳು ಕೊಕ್ಕರೆ ಮೆಲ್ಲಗೆ. ಆಮೇಲೆ ಫೋನ್ ಒಡೆಯುವಂತೆ, "ಬಂದೆ ಕಣೆ!"

ಚೂಟಿ ಅವಳಿಗಾಗಿ ಒಂದು ಮನೆ ಕಟ್ಟಿದ್ದಳು. ಮಹಡಿ, ಕಿಟಕಿ, ಹೊಳೆ ಕಾಣುವ ಕೋಣೆ. ಕೊಕ್ಕರೆಯ ಹೆಸರಿನ ಹಲಗೆಯೂ ಇತ್ತು. ಇತ್ತ ಬಾ, ತೋರಿಸುತ್ತೇನೆ ಎಂದು ಕರೆದಳು. ಕೆಂಪು ಅಂಗಿ ಮನೆಯ ಕಡೆಗೆ ತಿರುಗಲೇ ಇಲ್ಲ. ಬಯಲಿನುದ್ದಕ್ಕೂ ಓಡಿತು. ಹೊಳೆಯನ್ನು ಹಾರಿತು. ಸುಮ್ಮಸುಮ್ಮನೆ ಕುಪ್ಪಳಿಸಿತು. ಮರದ ಸುತ್ತ ಸುತ್ತಿ, ಬಂದ ದಾರಿಯಲ್ಲೇ ಮತ್ತೆ ಓಡಿತು.

ಚೂಟಿ ಇನ್ನೊಮ್ಮೆ ಕರೆಯಲೆಂದು ಬಾಯಿ ತೆರೆದಳು. ಫೋನಿನಲ್ಲಿ ಕೊಕ್ಕರೆಯ ಉಸಿರು ಕೇಳುತ್ತಿತ್ತು. ಮಂಚದ ಮೇಲೆ ಕದಲದೆ ಕೂತವಳು ಏದುಸಿರು ಬಿಡುತ್ತಿದ್ದಳು, ನಡುನಡುವೆ ನಗುತ್ತಿದ್ದಳು.

ಚೂಟಿ ಮನೆಯನ್ನು ಅಲ್ಲೇ ಬಿಟ್ಟು, ತನ್ನ ಗೊಂಬೆಯನ್ನು ಕೆಂಪು ಅಂಗಿಯ ಹಿಂದೆ ಓಡಿಸಿದಳು.

"ಆ ಗುಡ್ಡದ ಆಚೆ ಏನಿದೆಯೇ?" ಎಂದು ಕೇಳಿದಳು ಕೊಕ್ಕರೆ.

"ಏನೂ ಇಲ್ಲ," ಎಂದಳು ಚೂಟಿ. "ಬರೀ ಬಯಲು. ಓಡು."