ರಸ್ತೆ ಮೇಲಿನ ಹುರುಳಿ

ಮಾರೆಮ್ಮ ಹುರುಳಿಯ ಮೇಲೆ ಬಿದ್ದಿದ್ದಳು. ಕೈಯಲ್ಲಿದ್ದ ಕೋಲು ಎರಡು ತುಂಡಾಗಿತ್ತು.

ಕೂಡ್ಲಿಗಿಯಿಂದ ಗುಡೇಕೋಟೆ ಕಡೆ ಹೊರಟರೆ ಗುಡ್ಡದ ತಿರುವು ಸಿಗುತ್ತದೆ. ಅದನ್ನು ದಾಟಿದರೆ ಡಾಂಬರಿನ ತುಂಬ ಹುರುಳಿ. ಡಿಸೆಂಬರಿನಲ್ಲಿ ಈ ಸೀಮೆಯ ಎಲ್ಲ ರಸ್ತೆಗಳ ಗತಿಯೂ ಅದೇ. ಕಣ ಮಾಡುವ ತಾಪತ್ರಯ ಯಾರಿಗೆ ಬೇಕು? ಕಿತ್ತ ಗಿಡ ತಂದು ರಸ್ತೆಗೆ ಹರಡುವುದು. ಅಂಚಿಗೆ ಕಲ್ಲಿಡುವುದು. ಬಸ್ಸು ಲಾರಿ ಓಡಾಡಿ ಕಾಯಿ ಒಡೆಯುವವರೆಗೆ ಕೋಲು ಹಿಡಿದು ಕಾಯುವುದು. ಸರ್ಕಾರದ ರಸ್ತೆ, ಕಂಡವರ ಡೀಸೆಲ್ಲು, ನಮ್ಮ ಹುರುಳಿ. ಮಾರೆಮ್ಮ ಬೆಳಗಿನಿಂದ ಹಾಗೆ ಕಾಯುತ್ತಿದ್ದಳು. ಮಧ್ಯಾಹ್ನ ಯಾವುದೋ ಗಾಡಿ ಬಂತು. ಹುರುಳಿಯನ್ನೂ ತುಳಿಯಿತು, ಅವಳನ್ನೂ ತುಳಿಯಿತು. ನಿಲ್ಲಲಿಲ್ಲ.

ಕೂಡ್ಲಿಗಿಯ ಪಿಎಸ್‌ಐ ಜಂಬಣ್ಣ ಜೀಪಿನಿಂದ ಇಳಿದಾಗ ಮಗಳು ಹೊನ್ನೂರಮ್ಮ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳು ನಿಂತಿತ್ತು.

"ಯಾವ ಗಾಡಿ ತಂಗೀ? ಕಂಡೀಯೇನು?"

ಹೊನ್ನೂರಮ್ಮ ಜಂಬಣ್ಣನನ್ನು ನೋಡಲಿಲ್ಲ. ಅವನ ಹಿಂದೆ ನಿಂತಿದ್ದವರತ್ತ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಬಾಯಿಬಿಟ್ಟಳು.

"ಖಲಂದರನ ವ್ಯಾನ್‌ರಿ."

"ನಂಬರ್ ನೋಡಿದ್ಯಾ?"

"ನಾನು ಹೊಲದಾಗಿದ್ದೆ. ಧೂಳೆದ್ದಿತ್ತು. ಬಿಳೀ ಗಾಡಿ ಕಾಣ್ತು."

"ಬಿಳೀ ಗಾಡಿ ಬೇಕಾದಷ್ಟು ಅದಾವ. ಖಲಂದರಂದಾ ಅಂತ ಹೆಂಗ ಹೇಳ್ತಿ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣಲ್ಲಿ ದುಃಖದ ಜೊತೆಗೆ ಇನ್ನೇನೋ ಇತ್ತು. ಅದು ಭಯ. ತಾಯಿ ಸತ್ತವಳಿಗೆ ಇನ್ಯಾರ ಭಯ?

ಹಿಂದೆ ನಿಂತಿದ್ದವರಲ್ಲಿ ಒಬ್ಬ ನೀರಿನ ತಂಬಿಗೆ ಹಿಡಿದು ಮುಂದೆ ಬಂದ. ಗಾದಿಲಿಂಗಪ್ಪ. ಇನ್ಶೂರೆನ್ಸ್ ಏಜೆಂಟ್. ಕೂಡ್ಲಿಗಿಯಿಂದ ಕೊಟ್ಟೂರಿನವರೆಗೆ ಇವನ ಫಾರಮ್ಮಿಗೆ ಸಹಿ ಹಾಕದ ಗಾಡಿ ಮಾಲೀಕನಿಲ್ಲ. ನಿಂತ ಗಾಡಿ ಕಂಡರೂ ಕಂತು ಕೇಳುವ ಆಸಾಮಿ.

"ಸುದ್ದಿ ಕೇಳಿ ಟಿವಿಎಸ್ ಹತ್ತಿ ಓಡಿ ಬಂದೆ ಸಾಯೇಬ್ರ. ಏನ್ ಮಾಡದು, ಆಗಬಾರದ್ದು ಆಗಿ ಹೋತು. ಒಂದು ಸಮಾಧಾನ ಅಂದ್ರ, ಖಲಂದರನ ಗಾಡಿಗೆ ಇನ್ಶೂರೆನ್ಸ್ ಐತಿ. ನಾನಾ ಮಾಡಿಸೀನಿ. ಈ ಬಡವಿಗೆ ಪರಿಹಾರ ಸಿಗತೈತಿ."

ಜಂಬಣ್ಣ ತಲೆಯಾಡಿಸಿದ. ಬಗ್ಗಿ ರಸ್ತೆಯ ಮೇಲಿನ ಹುರುಳಿ ಒಂದು ಹಿಡಿ ಎತ್ತಿದ. ಗಿಡ ನುಜ್ಜುಗುಜ್ಜಾಗಿತ್ತು. ಕಾಯಿಗಳು ಬಾಯಿ ಬಿಟ್ಟಿದ್ದವು. ಕಾಳು ಆಗಲೇ ಡಾಂಬರಿಗೆ ಉದುರಿತ್ತು. ಕೈಯಲ್ಲಿ ಬರೀ ಹೊಟ್ಟು ಉಳಿಯಿತು. ಗಾಳಿಗೆ ಅದೂ ಹಾರಿಹೋಯಿತು.

* * *

ಪಂಚನಾಮೆ ಮುಗಿಸಿ ಖಲಂದರನ ಮನೆಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಓಣಿಯ ತುಂಬ ಜನ. ಒಬ್ಬನ ಕೈಯಲ್ಲಿ ಸೀಮೆಎಣ್ಣೆ ಡಬ್ಬಿ. ಬಿಳಿ ಮಾರುತಿ ವ್ಯಾನಿಗೆ ಬೆನ್ನು ಕೊಟ್ಟು ಖಲಂದರನ ಹೆಂಡತಿ ಶರ್ಫುನ್ನೀಸಾ ನಿಂತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು. ಅದರ ಕಡೆ ಅವಳಿಗೆ ಗಮನವಿರಲಿಲ್ಲ.

"ಸುಡಬ್ಯಾಡ್ರಪ್ಪಾ! ಕೈ ಮುಗೀತೀನಿ! ಥರ್ಡ್ ಪಾರ್ಟಿ ಅಷ್ಟಾ ಐತಿ. ಗಾಡಿ ಸುಟ್ರ ನಮಗೊಂದು ಪೈಸಾ ಬರಂಗಿಲ್ಲ!"

ಅವಳು ಹೇಳಿದ್ದು ನಿಜ. ಥರ್ಡ್ ಪಾರ್ಟಿ ಎಂದರೆ ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಆದ ಹಾನಿಗೆ ಮಾತ್ರ. ನಮ್ಮ ಗಾಡಿಯೇ ಸುಟ್ಟರೆ, ಕಳುವಾದರೆ, ಮರಕ್ಕೆ ಗುದ್ದಿದರೆ ಅದಕ್ಕೆ ಫುಲ್ ಇನ್ಶೂರೆನ್ಸ್ ಬೇಕು. ಅದರ ಕಂತು ಜಾಸ್ತಿ. ಪೊಲೀಸರು ಕೈ ಅಡ್ಡ ಹಿಡಿದಾಗ ತೋರಿಸಲು ಒಂದು ಕಾಗದ ಇದ್ದರಾಯಿತು ಎಂದು ಬಹಳ ಜನ ಥರ್ಡ್ ಪಾರ್ಟಿಗೇ ನಿಲ್ಲುತ್ತಾರೆ. ಖಲಂದರನೂ ನಿಂತಿದ್ದ.

ಜಂಬಣ್ಣನ ಜೊತೆ ಇದ್ದದ್ದು ಪೇದೆ ದುರುಗಣ್ಣ ಒಬ್ಬನೇ. ಜನ ನುಗ್ಗಿದರೆ ಇಬ್ಬರೂ ಮೂಲೆಗುಂಪು. ಭಯ ಪೊಲೀಸರಿಗೂ ಆಗುತ್ತದೆ. ದನಿ ಏರಿಸಿ ಅದನ್ನು ಮುಚ್ಚಿಕೊಳ್ಳುವುದು ಮಾತ್ರ ಅವರಿಗೆ ಅಭ್ಯಾಸ.

"ಡಬ್ಬಿ ಕೆಳಗಿಡಲೇ! ಕಡ್ಡಿ ಗೀರಿದವನ್ನ ಮೊದಲು ಒಳಗ ಹಾಕ್ತೀನಿ!"

ಡಬ್ಬಿ ಕೆಳಗಿಳಿಯಿತು. ಜನ ಕದಲಲಿಲ್ಲ.

ಖಲಂದರ ಅಡುಗೆಮನೆಯಲ್ಲಿ ಜೋಳದ ಚೀಲಗಳ ಹಿಂದೆ ಮುದುಡಿ ಕೂತಿದ್ದ.

"ಮಧ್ಯಾಹ್ನ ಎಲ್ಲಿದ್ದಿ?"

"ಮ... ಮನ್ಯಾಗಾ ಇದ್ದೆ ಸಾಯೇಬ್ರ."

"ಗಾಡಿ?"

"ಮನಿ ಮುಂದ ನಿಂತಿತ್ರಿ. ತೆಗದಾ ಇಲ್ಲ."

ಜಂಬಣ್ಣ ಹೊರಗೆ ಬಂದು ವ್ಯಾನಿನ ಮುಂದಿನ ಸೀಟು ಎತ್ತಿದ. ಅದರಡಿಯ ಎಂಜಿನ್ನಿನ ಹತ್ತಿರ ಕೈ ಒಡ್ಡಿದ. ಇನ್ನೂ ಬಿಸಿ ಇತ್ತು. ಹಾಗಾದರೆ ಖಲಂದರ ಹೇಳಿದ್ದು ಸುಳ್ಳು. ಶರ್ಫುನ್ನೀಸಾ ನೆಲ ನೋಡುತ್ತಿದ್ದಳು.

"ಸರ್, ಇಲ್ನೋಡ್ರಿ." ದುರುಗಣ್ಣ ಮುಂದಿನ ಗಾಲಿಯ ಹತ್ತಿರ ಕೂತಿದ್ದ. ಗಾಲಿಯ ಸಂದಿಯಲ್ಲಿ ಹುರುಳಿ ಗಿಡ ಸಿಕ್ಕಿಕೊಂಡಿತ್ತು.

ಜನ ಹೋ ಎಂದು ಕೂಗಿದರು. ಒಂದು ಕಲ್ಲು ಬಂದು ವ್ಯಾನಿನ ಕನ್ನಡಿ ಒಡೆಯಿತು. ಬಾಗಿಲವರೆಗೆ ಬಂದಿದ್ದ ಖಲಂದರ ಕುಸಿದು ಕೂತ. "ಅಲ್ಲಾನ ಆಣಿ, ಅದು ಹೆಂಗ ಬಂತೋ ನನಗ ಗೊತ್ತಿಲ್ರಿ!"

ಜಂಬಣ್ಣ ಗಿಡವನ್ನು ಎಳೆದ. ಯಾವ ಗಂಟೂ ಇಲ್ಲದೆ ಸಲೀಸಾಗಿ ಬಂತು. ಒಂದು ಕಾಯಿಯನ್ನು ಹೆಬ್ಬೆರಳಿನಿಂದ ಒತ್ತಿದ. ಚಟ್ಟೆಂದು ಒಡೆದು ಕಾಳು ಅಂಗೈಗೆ ಬಿತ್ತು. ಇನ್ನೊಂದು ಒತ್ತಿದ. ಅದರಲ್ಲೂ ಕಾಳು. ಗಿಡವನ್ನು ಜೇಬಿಗೆ ತುರುಕಿಕೊಂಡ.

"ನಡಿ, ಸ್ಟೇಷನ್ನಿಗೆ. ಇಲ್ಲಿದ್ರ ಇವ್ರು ನಿನ್ನ ಉಳಸಂಗಿಲ್ಲ."

ದುರುಗಣ್ಣ ವ್ಯಾನ್ ಹತ್ತಿ ಜೀಪಿನ ಹಿಂದೆ ಹೊರಟ.

* * *

ಸ್ಟೇಷನ್ನಿನಲ್ಲಿ ಚಹಾ ಕೊಟ್ಟರು. ಖಲಂದರ ಲೋಟ ಮುಟ್ಟಲಿಲ್ಲ.

"ಖಲಂದರ, ನೀನು ಕೇಸಿಗೆ ಹೆದರಿದಂಗ ಕಾಣವಲ್ದು. ಬ್ಯಾರೆ ಯಾವುದಕ್ಕೋ ಹೆದರೀದಿ. ಏನದು?"

ಗಂಡನ ಹಿಂದೆಯೇ ಬಂದಿದ್ದ ಶರ್ಫುನ್ನೀಸಾ ಬಾಗಿಲಿನಿಂದ ಒಳಗೆ ನುಗ್ಗಿದಳು.

"ಹೇಳ್ರೀ. ನೀವು ಹೇಳದಿದ್ರ ನಾನಾ ಹೇಳ್ತೀನಿ."

"ಸುಮ್ನಿರು! ಮನಿ ಹೋಗತೈತಿ!"

"ಹೋಗ್ಲಿ! ನೀವು ಜೈಲಿಗೆ ಹೋದ ಮ್ಯಾಲ ಆ ಮನಿ ಕಟ್ಕೊಂಡು ನಾನೇನ್ ಮಾಡ್ಲಿ?" ಅವಳು ಜಂಬಣ್ಣನ ಕಡೆ ತಿರುಗಿದಳು. "ಸಾಯೇಬ್ರ, ಇವ್ರು ಬೆಳಿಗ್ಗೆ ಹಿರೇಹಡಗಲಿಗೆ ಹೋಗಿದ್ರು. ನಮ್ಮ ಓಣಿ ಅನ್ನದಾನಮ್ಮನ ಮಗನಿಗೆ ಹೆಣ್ಣು ನೋಡಾಕ ಅವರ ಮನಿ ಮಂದೀನೆಲ್ಲಾ ಕರ್ಕೊಂಡು ಹೋಗಿದ್ರು. ಬಾಡಿಗಿಗೆ ರೀ. ಬಂದಿದ್ದು ಸಂಜಿಗೆ."

ಖಲಂದರ ಮುಖ ಮುಚ್ಚಿಕೊಂಡು ಅಳತೊಡಗಿದ. ಅವನದು ಸ್ವಂತದ ಗಾಡಿ. ಟ್ಯಾಕ್ಸಿ ಪರ್ಮಿಟ್ಟಿಲ್ಲ. ಇನ್ಶೂರೆನ್ಸ್ ಇದ್ದದ್ದೂ ಸ್ವಂತದ ಗಾಡಿಗೆಂದೇ. ಟ್ಯಾಕ್ಸಿಯ ಕಂತು ಕಟ್ಟುವಷ್ಟು ಬಾಡಿಗೆ ಈ ಊರಲ್ಲಿ ಎಲ್ಲಿಂದ ಬರಬೇಕು?

"ಬಾಡಿಗಿ ಹೊಡದೀನಿ ಅಂತ ಬಾಯಿ ಬಿಟ್ರ ಇನ್ಶೂರೆನ್ಸ್ ರದ್ದಾಗತೈತಿ, ಪರಿಹಾರ ಪೂರಾ ನಿನ್ನ ತಲಿಗೆ, ಮನಿ ಜಪ್ತಿ ಆಗತೈತಿ ಅಂದ್ರು ಸಾಯೇಬ್ರ. ಮನ್ಯಾಗಾ ಇದ್ದೆ ಅಂತ ಹೇಳು, ಮುಂದಿಂದು ನಾ ನೋಡ್ಕೋತೀನಿ ಅಂದ್ರು."

"ಯಾರಂದ್ರು?"

"ಗಾದಿಲಿಂಗಪ್ನೋರು. ನೀವು ಬರಾಕ ಸ್ವಲ್ಪ ಮುಂಚೆ ಬಂದಿದ್ರು. ಗಾಡಿ ಸುತ್ತ ನೋಡಿದ್ರು. ಗಾಲಿ ಹತ್ರ ಬಗ್ಗಿ ನೋಡಿದ್ರು."

ಜಂಬಣ್ಣನಿಗೆ ಸಿಟ್ಟೂ ಬಂತು, ಕನಿಕರವೂ ಬಂತು. "ಬಾಡಿಗಿ ಮಂದಿ ಕುಂತಾಗ ಅಪಘಾತ ಆದ್ರ ಕಂಪ್ನಿ ತಕರಾರು ತೆಗೀತೈತಿ. ಕೊಟ್ಟಿದ್ದನ್ನ ನಿನ್ನ ಕಡಿಂದ ವಸೂಲಿ ಮಾಡಿದ್ರೂ ಮಾಡತೈತಿ. ಅದು ಖರೆ. ಆದ್ರ ನಿನ್ನ ಗಾಡಿ ಗುಡೇಕೋಟಿ ರಸ್ತಿಗೆ ಹೋಗೇ ಇಲ್ಲಲ್ಲೋ ಮಾರಾಯ! ಎಲ್ಲಿ ಅಪಘಾತ? ಯಾವ ಪರಿಹಾರ? ಯಾವ ಜಪ್ತಿ?"

ಖಲಂದರ ಬಾಯಿ ತೆರೆದು ನೋಡಿದ. ಭಯದಲ್ಲಿ ಅವನಿಗೆ ಇಷ್ಟು ಸರಳವಾದದ್ದು ಹೊಳೆದೇ ಇರಲಿಲ್ಲ.

ದುರುಗಣ್ಣ ಅನ್ನದಾನಮ್ಮನ ಮನೆಗೆ ಹೋಗಿ ಬಂದ. ಮಾತು ನಿಜವಾಗಿತ್ತು. ಹೆಣ್ಣು ಒಪ್ಪಿಗೆಯಾಗಿದೆ ಎಂದು ಅವನಿಗೆ ಸಕ್ಕರೆ ಬೇರೆ ಕೊಟ್ಟಿದ್ದರು.

* * *

ದೀಪ ಹಚ್ಚುವ ಹೊತ್ತು. ಗಾದಿಲಿಂಗಪ್ಪನ ಮನೆ ಬಾಗಿಲು ತೆಗೆದದ್ದು ಅವನ ಹೆಂಡತಿ ಕೊಟ್ರಮ್ಮ. ಗಾದಿಲಿಂಗಪ್ಪ ಪಡಸಾಲೆಯಲ್ಲಿ ಕೂತಿದ್ದ. ನಗುತ್ತ ಎದ್ದ.

"ಬರ್ರಿ ಸಾಯೇಬ್ರ. ಖಲಂದರ ಒಪ್ಕೊಂಡ್ನಾ?"

ಜಂಬಣ್ಣ ಮೂಗರಳಿಸಿದ. "ಅಮ್ಮಾ, ಹುರುಳಿ ಹುರಿಯಾಕತ್ತೀರೇನು? ಘಮ್ ಅಂತೈತಿ."

"ಇಲ್ರಿ," ಎಂದಳು ಕೊಟ್ರಮ್ಮ. "ಮಧ್ಯಾಹ್ನದಿಂದ ಹಿಂಗಾ ಬರಾಕತ್ತೈತಿ. ಒಲಿ ಮ್ಯಾಲ ಏನೂ ಇಲ್ಲ. ಎಲ್ಲಿಂದ ಅಂತ ತಿಳೀವಲ್ದು."

ಗಾದಿಲಿಂಗಪ್ಪನ ನಗು ಮುಖದ ಮೇಲೇ ಒಣಗಿತು.

"ಗಾದಿಲಿಂಗಪ್ಪ, ನಿಮ್ಮ ಕಾರ್ ಎಲ್ಲೈತಿ?"

"ಅದು... ರಿಪೇರಿಗೆ ದಾವಣಗೆರಿಗೆ ಕಳಿಸೀನಿ."

"ಅಯ್ಯ, ಶೆಡ್ಡಿನ್ಯಾಗಾ ಐತಲ್ರೀ..." ಎನ್ನುತ್ತಿದ್ದ ಕೊಟ್ರಮ್ಮ ಗಂಡನ ಮುಖ ನೋಡಿ ಅರ್ಧಕ್ಕೇ ನಿಂತಳು. ಅವಳ ಕೈ ತಾಳಿಗೆ ಹೋಯಿತು.

ಶೆಡ್ಡಿನ ಬೀಗ ತೆಗೆದಾಗ ಹುರಿದ ಹುರುಳಿಯ ವಾಸನೆ ಮುಖಕ್ಕೆ ಬಡಿಯಿತು. ಬಿಳಿ ಅಂಬಾಸಿಡರ್. ಮುಂಭಾಗ ತಿಕ್ಕಿ ತೊಳೆದು ಫಳಫಳ ಅನ್ನುತ್ತಿತ್ತು. ಬಂಪರ್ ಒಂದು ಕಡೆ ಒಳಗೆ ಹೋಗಿತ್ತು. ಜಂಬಣ್ಣ ಟೋಪಿ ತೆಗೆದಿಟ್ಟು ಯೂನಿಫಾರಮ್ಮಿನಲ್ಲೇ ನೆಲಕ್ಕೆ ಅಂಗಾತ ಮಲಗಿ ಕಾರಿನಡಿ ಟಾರ್ಚು ಬಿಟ್ಟ.

ಹುರುಳಿ ಬಳ್ಳಿ ಗಾಲಿಯ ಅಚ್ಚಿಗೆ ಹಗ್ಗ ಹೊಸೆದಂತೆ ಬಿಗಿಯಾಗಿ ಸುತ್ತಿಕೊಂಡಿತ್ತು. ಸೈಲೆನ್ಸರಿಗೆ ಅಂಟಿದ್ದು ಕರಕಲಾಗಿತ್ತು. ಅದರ ನಡುವೆ ಮಾರೆಮ್ಮನ ಸೀರೆಯ ಒಂದು ಚೂರು.

ಎದ್ದು ಬಂದ ಜಂಬಣ್ಣ ಜೇಬಿನಿಂದ ಖಲಂದರನ ವ್ಯಾನಿನಲ್ಲಿ ಸಿಕ್ಕ ಗಿಡ ತೆಗೆದ.

"ರಸ್ತಿ ಮ್ಯಾಲಿನ ಹುರುಳಿ ತುಳದ ಗಾಡಿಗೆ ಇಂಥಾದ್ದು ಸಿಗಂಗಿಲ್ಲ ಗಾದಿಲಿಂಗಪ್ಪ. ನೋಡು, ನಾ ಒತ್ತಿದ ಎರಡು ಬಿಟ್ರ ಒಂದು ಕಾಯೀನೂ ಒಡದಿಲ್ಲ. ಇದು ಹೊಲದ ಬಣವಿಯಿಂದ ಕಿತ್ತಿದ್ದು. ಕೈಯಿಂದ ಸಿಗಿಸಿದ್ದು, ಎಳದ ಕೂಡ್ಲೆ ಬಂತು. ನಿನ್ನ ಕಾರಿನಡಿ ಇರದು ಕುಡುಗೋಲಿನಿಂದ ಕೊಯ್ದರೂ ಬರಂಗಿಲ್ಲ. ಬೀಡಿ ತರಾಕೂ ಕಾರಿನ್ಯಾಗ ಹೋಗೋ ನೀನು ಇವತ್ತ ಟಿವಿಎಸ್ ಮ್ಯಾಲ ಬಂದೆ. ಹೊನ್ನೂರಮ್ಮ ಹೆಸರು ಹೇಳಾಕ ಮುಂಚೆ ನಿನ್ನ ಮಾರಿ ನೋಡಿದ್ಲು. ಖಲಂದರನ ಬಾಯಿ ಮುಚ್ಚಿಸಿದವನೂ ನೀನಾ."

ಗಾದಿಲಿಂಗಪ್ಪ ಗೋಡೆ ಹಿಡಿದು ಕೂತ.

"ನಿನ್ನ ಕಾರಿನ ಇನ್ಶೂರೆನ್ಸ್?"

"ಹೋದ ವರ್ಷಾನ ಮುಗದೈತ್ರಿ."

"ಊರಿಗೆಲ್ಲಾ ಮಾಡಸ್ತಿ."

"ನನಗೇನಾಗತೈತಿ ಅಂತ ಬಿಟ್ಟಿದ್ದೆ ಸಾಯೇಬ್ರ." ಅವನು ಮನೆಯ ಕಡೆ ನೋಡಿದ. "ಇನ್ಶೂರೆನ್ಸ್ ಇಲ್ಲಂದ್ರ ಪರಿಹಾರ ಮಾಲೀಕಂದಾ. ಕೋರ್ಟು ಈ ಮನಿ ಮ್ಯಾಲ ಬರತೈತಿ. ಭಾಳ ಹೆದರಿಬಿಟ್ಟೆ."

ಖಲಂದರನಿಗೆ ಹಂಚಿದ್ದು ಅವನು ತನ್ನದೇ ಭಯವನ್ನು. ಕೊಟ್ರಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಗಂಡನನ್ನು ಜೀಪಿಗೆ ಹತ್ತಿಸುವಾಗಲೂ ಅವಳು ಹೊರಗೆ ಬರಲಿಲ್ಲ.

* * *

ಮರುದಿನ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯ ಮುಂದೆ ಹೊನ್ನೂರಮ್ಮ ಜಂಬಣ್ಣನ ಕಾಲಿಗೆ ಬಿದ್ದಳು.

"ಇನ್ಶೂರೆನ್ಸ್ ಇಲ್ಲದ ಗಾಡಿ ಆದ್ರ ನಿನಗ ಏನೂ ಸಿಗಂಗಿಲ್ಲ, ಖಲಂದರಂದು ಅನ್ನು, ಕಂಪ್ನಿ ಕೊಡತೈತಿ, ಅವನಿಗೇನೂ ಆಗಂಗಿಲ್ಲ ಅಂದ್ರು ಗಾದಿಲಿಂಗಪ್ನೋರು, ನೀವು ಬರಾಕ ಮುಂಚೆ. ಎರಡು ಹುಡುಗ್ರು ಅದಾವ್ರಿ ನನಗ. ಅವನಿಗೇನೂ ಆಗಂಗಿಲ್ಲ ಅಂತ ನಂಬಿದೆ."

"ಕಂಪ್ನಿ ರೊಕ್ಕ ಕಟ್ಟತೈತಿ ತಂಗೀ. ಜೈಲಿಗೆ ಹೋಗಂಗಿಲ್ಲ. ಅದಕ್ಕ ಖಲಂದರನಾ ಹೋಗಬೇಕಿತ್ತು." ಜಂಬಣ್ಣ ಅವಳನ್ನು ಎಬ್ಬಿಸಿದ. "ನಡದಿದ್ದು ನಡದಂಗ ಬರಸು. ಪರಿಹಾರ ಗಾದಿಲಿಂಗಪ್ಪನಿಂದ ಬರತೈತಿ. ತಡ ಆಗಬೌದು."

ಹೆಣ ಹಾಕಿಕೊಂಡು ಹೋಗಲು ಯಾವ ಟೆಂಪೋದವನೂ ಒಪ್ಪಿರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಒಡೆದ ಕನ್ನಡಿಯ ಬಿಳಿ ವ್ಯಾನ್ ಬಂದು ನಿಂತಿತು. ಹೊನ್ನೂರಮ್ಮ ಹೆದರಿ ಹಿಂದೆ ಸರಿದಳು. ಖಲಂದರ ಇಳಿದ. ಅವಳ ಮುಖ ನೋಡದೆ ಹಿಂದಿನ ಬಾಗಿಲು ಎತ್ತಿದ.

ದುರುಗಣ್ಣ ತಡೆದ. "ಏನೋ, ಮತ್ತ ಬಾಡಿಗಿ ಶುರು ಹಚ್ಕೊಂಡ್ಯಾ?"

"ಬಾಡಿಗಿ ಅಲ್ರಿ. ಸ್ವಂತಕ್ಕ."

"ಆಕಿ ನಿನಗೇನಾಗಬೇಕು?"

ಖಲಂದರ ಹಿಂದಿನ ಸೀಟು ಮಡಚಿದ. "ಅವ್ವ ಅಂತ ತಿಳ್ಕೊಳ್ರಿ."

ದುರುಗಣ್ಣ ದಾರಿ ಬಿಟ್ಟ.

ಗುಡ್ಡದ ತಿರುವು ದಾಟಿದಾಗ ವ್ಯಾನ್ ಗಕ್ಕನೆ ನಿಂತಿತು. ಹುರುಳಿ ಹಾಗೇ ಹರಡಿತ್ತು. ಖಲಂದರನಿಗೆ ಗೇರು ಹಾಕಲು ಆಗಲಿಲ್ಲ. ಹಿಂದಿನಿಂದ, ತಾಯಿಯ ಪಕ್ಕ ಕೂತಿದ್ದ ಹೊನ್ನೂರಮ್ಮನ ದನಿ ಕೇಳಿತು.

"ಹೋಗಣ್ಣ. ಅವ್ವ ಅದಕ್ಕಾ ಹರಡ್ಯಾಳ."

ವ್ಯಾನ್ ಮೆಲ್ಲಗೆ ಮುಂದೆ ಸರಿಯಿತು. ಒಡೆಯದೆ ಉಳಿದಿದ್ದ ಕಾಯಿಗಳು ಗಾಲಿಯ ಕೆಳಗೆ ಒಂದೊಂದಾಗಿ ಒಡೆದವು.